ತುಂಬಿದ ಮೇಲೆ ಹೊರಡುವ ಗಾಡಿ

ಮೊದಲು ಕೇಳಿಸುವುದು ವಾಹಿತನ ಗಾಡಿಯ ಬಾಗಿಲಿನ ಸದ್ದು. ಕಬ್ಬಿಣದ ಹಳಿಯ ಮೇಲೆ ಕರ್ರೆಂದು ಒಂದೇ ಎಳೆತ, ಕೊನೆಗೆ ಧಡ್ ಎಂದು ಒಂದು ಬಡಿತ. ಬೆಟ್ಟದ ಊರಾದ ಕೆಸ್ತಾನೆಲಿಯ ಮೇಲಿನ ಕೇರಿಯವರಿಗೆ ಅದೇ ಗಡಿಯಾರ. ಆ ಸದ್ದಿಗೆ ಎದ್ದು ಚಹಾಕ್ಕೆ ನೀರಿಡುವವರಿದ್ದರು, ಕಂಬಳಿ ಎಳೆದುಕೊಂಡು ಇನ್ನೊಂದು ಮಗ್ಗುಲಿಗೆ ಹೊರಳುವವರೂ ಇದ್ದರು. ಈಚೆಗೆ ಆ ಸದ್ದು ಬದಲಾಗಿದೆ ಎಂದು ಪಕ್ಕದ ಮನೆಯ ಮೆಲೀಹಾ ಅಜ್ಜಿ ಹೇಳುತ್ತಿದ್ದಳು. ಎಳೆತ ಅದೇ, ಬಡಿತ ಮಾತ್ರ ಇಲ್ಲ. ವಾಹಿತ್ ಬಾಗಿಲನ್ನು ಕೊನೆಯ ಗೇಣಿನಲ್ಲಿ ಕೈಯಿಂದ ತಡೆದು ಮೆಲ್ಲಗೆ ಕೂರಿಸುತ್ತಾನೆ, ಒಳಗೆ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

ಅವನ ಹೆಂಡತಿ ಬೆದ್ರಿಯೆ ಸತ್ತು ಅಂದಿಗೆ ನಲವತ್ತು ದಿನ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಮನೆಯಲ್ಲಿ ಕುರಾನ್ ಪಠಣ, ಆಮೇಲೆ ಅಂಗಳದಲ್ಲಿ ಬಾಣಲೆಯಿಟ್ಟು ಹಿಟ್ಟಿನ ಉಂಡೆ ಕರಿದು, ಸಕ್ಕರೆ ಪಾಕದಲ್ಲಿ ಅದ್ದಿ ಊರಿಗೆಲ್ಲ ಹಂಚುವುದು. ಮಗಳು ನೂರಾನ್ ಇಜ್ಮಿರಿನಿಂದ ಹೊರಟು ಹತ್ತು ಗಂಟೆಗೆ ಕೆಳಗಿನ ಪೇಟೆಗೆ ಬಂದಿಳಿಯುತ್ತಾಳೆ. ಅವಳನ್ನು ಕರೆತರಲು ವಾಹಿತ್ ಗಾಡಿ ತೆಗೆದಿದ್ದ. ಅವಳು ಮನೆಯ ಹೊಸ್ತಿಲು ದಾಟುವುದರೊಳಗೆ ಅವನು ಅವಳಿಗೊಂದು ಮಾತು ಹೇಳಬೇಕಾಗಿತ್ತು.

ಮಣ್ಣು ಮಾಡಿದ ದಿನ ಅವಳು ಅವನನ್ನು ಕೇಳಿದ್ದು ಒಂದೇ ಪ್ರಶ್ನೆ. ಅಮ್ಮನಿಗೆ ಎದೆಯ ಪರೀಕ್ಷೆ ಇದ್ದ ಆ ಮಂಗಳವಾರ ಗಾಡಿ ಊರಿನಿಂದ ಎಷ್ಟು ಹೊತ್ತಿಗೆ ಹೊರಟಿತು ಎಂದು. ಅವನು ಏಳೂವರೆ ಎಂದಿದ್ದ. ಅದು ಸುಳ್ಳು. ಅವಳು ಮುಂದಕ್ಕೆ ಏನೂ ಕೇಳದೆ ಅಂದೇ ಸಂಜೆ ಹೊರಟುಹೋದಳು. ಆಮೇಲೆ ನಲವತ್ತು ದಿನಗಳಲ್ಲಿ ಒಮ್ಮೆಯೂ ಅವನಿಗೆ ಫೋನ್ ಮಾಡಲಿಲ್ಲ. ಮೆಲೀಹಾ ಅಜ್ಜಿಗೆ ಮಾಡುತ್ತಿದ್ದಳು, ಅಪ್ಪ ಉಂಡನೇ, ಒಲೆ ಹಚ್ಚಿಕೊಂಡನೇ ಎಂದು. ಈಗ ಅವಳು ಹೆಂಗಸರ ನಡುವೆ ಇಡೀ ಮಧ್ಯಾಹ್ನ ಕೂರುತ್ತಾಳೆ. ಆ ಮಂಗಳವಾರ ಗಾಡಿಯಲ್ಲಿದ್ದ ಹೆಂಗಸರೆಲ್ಲ ಅಲ್ಲೇ ಇರುತ್ತಾರೆ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವವರಲ್ಲ. ಆದರೂ ಸತ್ತವಳ ಮಾತು ಬಂದಾಗ ಅವತ್ತಿನ ಬೆಳಗು ಬಂದೇ ಬರುತ್ತದೆ.

ಕೆಸ್ತಾನೆಲಿಯಲ್ಲಿ ವಾಹಿತನ ಗಾಡಿಯನ್ನು ಬಸ್ಸು ಎಂದವರಿಲ್ಲ. ಸರ್ಕಾರದ ಕಾಗದದಲ್ಲಿ ಅದು ಮಿನಿಬಸ್ಸು, ಜನರ ಬಾಯಲ್ಲಿ ದೊಲ್ಮುಷ್. ಹಾಗೆಂದರೆ ತುಂಬಿದ್ದು, ಅಷ್ಟೇ. ಕೊಡ ತುಂಬಿದರೂ ಅದೇ ಮಾತು, ಮೋಡ ತುಂಬಿದರೂ ಅದೇ ಮಾತು, ಒಬ್ಬರ ಕಣ್ಣು ತುಂಬಿದರೂ ಅದೇ. ಇಬ್ಬರು ಮೂವರು ಸೇರಿ ಒಂದು ಟ್ಯಾಕ್ಸಿ ಹಿಡಿದರೆ ದೊಲ್ಮುಷ್ ಮಾಡಿಕೊಂಡು ಬಂದೆವು ಎನ್ನುತ್ತಾರೆ. ಇಸ್ತಾಂಬುಲಿನ ಕಡಲಲ್ಲಿ ಜನ ತುಂಬುವವರೆಗೆ ಕಾದು ಆಚೆ ದಡಕ್ಕೆ ಹೊರಡುತ್ತಿದ್ದ ದೋಣಿಗೂ ಹಿಂದೆ ಅದೇ ಹೆಸರಿತ್ತಂತೆ. ವಾಹಿತನ ಅಪ್ಪ ಸೈನ್ಯದ ಕೆಲಸಕ್ಕೆ ಹೋದಾಗ ಆ ದೋಣಿ ಹತ್ತಿದ್ದನಂತೆ, ಊರಿಗೆ ಮರಳಿದ ಮೇಲೆ ಹಳೆಯ ಜೀಪೊಂದನ್ನು ಕೊಂಡು ಅದೇ ಕೆಲಸ ಶುರುಮಾಡಿದ. ಮಾತು ಕಡಿಮೆಯ ಮನುಷ್ಯ. ಅವನ ನೇಮಗಳು ಎರಡೇ. ತುಂಬದೆ ಹೊರಡುವ ಹಾಗಿಲ್ಲ. ಗಾಡಿಯವನ ಮನೆಯವರು ಲೆಕ್ಕಕ್ಕೆ ಇಲ್ಲ.

ಎರಡನೆಯದು ಅವನೊಬ್ಬನದೇ ಅಲ್ಲ, ಆ ಬೆಟ್ಟದ ಎಲ್ಲ ಊರಿನ ಗಾಡಿಯವರದೂ ಹೌದು. ಹೆಂಡತಿ, ಮಕ್ಕಳು, ತಂಗಿ, ಯಾರೇ ಆಗಲಿ, ಹತ್ತಬಹುದು, ಆದರೆ ಸೀಟು ಅವರದಲ್ಲ. ಬಾಗಿಲ ಪಕ್ಕದಲ್ಲಿ ಒಂದು ಗಿಡ್ಡ ಮರದ ಮಣೆ ಇರುತ್ತದೆ, ಅದರ ಮೇಲೆ ಕೂರಬೇಕು. ಹದಿನಾಲ್ಕು ಸೀಟಿನ ಗಾಡಿ ಹದಿನಾಲ್ಕು ಜನ ಹತ್ತಿದಾಗಲೇ ತುಂಬಿತು ಎಂದು ಅರ್ಥ. ಮಣೆಯ ಮೇಲೆ ಕೂತವರು ಗಾಡಿಯ ಒಂದು ಭಾಗ, ಚಕ್ರದ ಹಾಗೆ, ಕನ್ನಡಿಯ ಹಾಗೆ.

ಬೆದ್ರಿಯೆ ಮದುವೆಯಾಗಿ ಬಂದ ವಾರದಲ್ಲೇ ಆ ಮಣೆಯ ಮೇಲೆ ಕೂತಳು. ಮೂವತ್ತೊಂದು ವರ್ಷ ಕೂತಳು. ಹಿಂದಿನ ಸಾಲಿನಿಂದ ಕೈಯಿಂದ ಕೈಗೆ ದಾಟಿಬರುವ ಚಿಲ್ಲರೆಯನ್ನು ಗಂಡನಿಗೆ ಕೊಡುವುದು, ಅವನು ಕೊಟ್ಟದ್ದನ್ನು ಹಿಂದಕ್ಕೆ ದಾಟಿಸುವುದು, ವಾಂತಿ ಬರುವವರಿಗೆ ನಿಂಬೆಹಣ್ಣು, ಅಳುವ ಕೂಸಿಗೆ ತನ್ನ ಬಳೆ. ಯಾರ ಮನೆಯಲ್ಲಿ ಹಸು ಕರು ಹಾಕಿದೆ, ಯಾರು ತಡವಾಗಿ ಬರುತ್ತಾರೆ, ಯಾರು ಬರುವುದೇ ಇಲ್ಲ, ಎಲ್ಲವೂ ಅವಳಿಗೆ ಗೊತ್ತು. ಗಾಡಿ ತುಂಬದಿದ್ದರೆ ಅವಳೇ ಇಳಿದು ಓಣಿಯಲ್ಲಿ ಬಾಗಿಲು ಬಡಿಯುತ್ತಿದ್ದಳು. "ವಾಹಿತ್ ಓಡಿಸೋದು ಬರೀ ಚಕ್ರಾನ, ಗಾಡಿ ಬೆದ್ರಿಯೆದು" ಎಂದು ಚಹಾ ಅಂಗಡಿಯ ಹುಲ್ಕಿ ಹಂಗಿಸಿದರೆ ವಾಹಿತ್ ಹೌದೆಂದು ತಲೆಯಾಡಿಸುತ್ತಿದ್ದ.

ಊರು ಮೆಲ್ಲಮೆಲ್ಲನೆ ಖಾಲಿಯಾಯಿತು. ಶಾಲೆಗೆ ಬೀಗ ಬಿತ್ತು, ಅಕ್ರೋಟು ತೋಟಗಳನ್ನು ಹೊರಗಿನವರು ಕೊಂಡರು. ಮೊದಲು ಏಳಕ್ಕೆ ತುಂಬುತ್ತಿದ್ದ ಗಾಡಿ ಏಳೂವರೆಗೆ ತುಂಬತೊಡಗಿತು, ಆಮೇಲೆ ಎಂಟಕ್ಕೆ. ಸಂತೆಯ ಶನಿವಾರ ಬಿಟ್ಟರೆ ಉಳಿದ ದಿನ ಕಾಯುವುದೇ ಕೆಲಸ. ನೂರಾನ್ ಇಜ್ಮಿರಿನಲ್ಲಿ ಹೊಲಿಗೆ ಕಾರ್ಖಾನೆ ಸೇರಿದ ಮೊದಲ ವರ್ಷ ಹಬ್ಬಕ್ಕೆ ಬಂದವಳು, ಅಲ್ಲಿ ಗಾಡಿಗಳು ಗಂಟೆ ಹೊಡೆದ ಹಾಗೆ ಹೊರಡುತ್ತವೆ, ಅರ್ಧ ಖಾಲಿ ಓಡಿದರೂ ಅದಕ್ಕೆ ದೊಲ್ಮುಷ್ ಎಂದೇ ಅನ್ನುತ್ತಾರೆ ಎಂದು ನಕ್ಕಿದ್ದಳು. ಹಾಗಾದರೆ ಅವರು ಸುಳ್ಳು ಹೇಳುತ್ತಾರೆ ಎಂದಿದ್ದ ವಾಹಿತ್, ನಗದೆ.

ನವೆಂಬರಿನ ಆ ಸೋಮವಾರ, ಊಟಕ್ಕೆ ಕೂತಾಗ, ಬೆದ್ರಿಯೆ ಮರುದಿನ ತಾನೂ ಬರುವುದಾಗಿ ಹೇಳಿದಳು. ಬೇಸಿಗೆಯಿಂದ ಅವಳಿಗೆ ಏರು ಹತ್ತಿದರೆ ಏದುಸಿರು ನಿಲ್ಲುತ್ತಿರಲಿಲ್ಲ. ಪೇಟೆಯ ಆಸ್ಪತ್ರೆಯಲ್ಲಿ ಎದೆಯ ಪರೀಕ್ಷೆಗೆ ಒಂಬತ್ತೂವರೆಗೆ ಹೆಸರು ಬರೆಸಿದ್ದರು. ತಪ್ಪಿದರೆ ಮತ್ತೆ ಎರಡು ತಿಂಗಳು ಕಾಯಬೇಕು. ವಾಹಿತ್ ರೊಟ್ಟಿ ಮುರಿಯುತ್ತ, ಒಂದೂಕಾಲು ಗಂಟೆಯ ದಾರಿ, ಏಳೂವರೆಗೆ ಬಿಟ್ಟರೆ ಬೇಕಾದಷ್ಟು ಹೊತ್ತಿರುತ್ತದೆ ಎಂದ. ಅವಳು ಆಲಿವ್ ಕಾಯಿಯ ತಟ್ಟೆಯನ್ನು ಅವನ ಕಡೆ ಸರಿಸಿದಳು.

ಬೆಳಿಗ್ಗೆ ಏಳಕ್ಕೆ ಮೊದಲೇ ಅವಳು ಮಣೆಯ ಮೇಲಿದ್ದಳು. ಹಬ್ಬದ ತಲೆವಸ್ತ್ರ ಕಟ್ಟಿದ್ದಳು, ಮಡಿಲಲ್ಲಿ ಆಸ್ಪತ್ರೆಯ ಕಾಗದಗಳ ಚೀಲ. ಏಳೂವರೆಗೆ ಹನ್ನೆರಡು ಜನ ಸೇರಿದರು. ಮಂಜು ಇಳಿದಿತ್ತು. ಚಿನಾರ್ ಮರದ ಕೆಳಗೆ ಗಾಡಿ ಸುಮ್ಮನೆ ಗುರುಗುಡುತ್ತ ನಿಂತಿತ್ತು.

ಇಬ್ಬರು ಕಡಿಮೆ ಇದ್ದಾಗ ಕೂತವರೇ ಆ ಎರಡು ಸೀಟಿನ ದುಡ್ಡು ಹಂಚಿಕೊಂಡು ಗಾಡಿ ಹೊರಡಿಸುವುದು ಹಳೆಯ ರೂಢಿ. ಅಂದು ಯಾರೋ ಆ ಮಾತೆತ್ತಿದರು. ವಾಹಿತ್ ಬೇಡವೆಂದ. ಅದೇ ವಾರ ಹುಲ್ಕಿಯ ಅಂಗಡಿಯಲ್ಲಿ, ಇನ್ನು ವಾಹಿತನ ಗಾಡಿ ತುಂಬುವ ಕಾಲ ಹೋಯಿತು, ನಗರಸಭೆಯವರು ಗಂಟೆಗೆ ಸರಿಯಾಗಿ ಓಡುವ ನೀಲಿ ಬಸ್ಸು ಕಳಿಸುವುದೇ ಒಳ್ಳೆಯದು ಎಂದು ನಾಲ್ಕು ಜನ ಆಡಿಕೊಂಡದ್ದು ಅವನ ಕಿವಿಗೆ ಬಿದ್ದಿತ್ತು. ಎರಡು ಖಾಲಿ ಸೀಟು ಇಟ್ಟುಕೊಂಡು ಹೊರಟರೆ ಅದನ್ನು ತಾನೇ ಒಪ್ಪಿಕೊಂಡ ಹಾಗೆ. ತುಂಬುತ್ತದೆ, ಕೂತ್ಕೊಳ್ಳಿ ಎಂದ. ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡಲಿಲ್ಲ.

"ವಾಹಿತಾ, ನಿನ್ನ ಗಾಡಿ ತುಂಬೋ ಹೊತ್ತಿಗೆ ನನ್ನ ಗೋರಿ ತುಂಬ್ತದೆ ಕಣೋ" ಎಂದಳು ಮೆಲೀಹಾ ಅಜ್ಜಿ, ಮುಂದಿನ ಸೀಟಿನಿಂದ.

"ನಿನಗೆ ಇನ್ನೂ ಜಾಗ ಗೊತ್ತುಮಾಡಿಲ್ಲ ಅಜ್ಜಿ, ಅಲ್ಲೂ ಸರದಿ" ಎಂದ ವಾಹಿತ್. ಎಲ್ಲರೂ ನಕ್ಕರು.

ಎಂಟಕ್ಕೆ ಹದಿಮೂರನೆಯವನಾಗಿ ಕಾಡಿನ ಕಾವಲಿನಿಂದ ನಿವೃತ್ತನಾದ ಸೆಯ್ಫಿ ಹತ್ತಿದ. ಬಾಗಿಲ ಬಳಿಯ ಒಂದೇ ಸೀಟು ಉಳಿಯಿತು. ಆಗ ಅಜ್ಜಿ ತನ್ನ ಕೋಲಿನಿಂದ ಆ ಸೀಟನ್ನು ತಟ್ಟಿ ಹೇಳಿದಳು:

"ಬೆದ್ರಿಯೆ, ಎದ್ದು ಇಲ್ಲಿ ಕೂತ್ಕೊಳ್ಳೇ. ತುಂಬ್ತು ಅಂತ ಲೆಕ್ಕ ಹಾಕಿ ಹೊರಡ್ಲಿ ಇವನು."

"ನನ್ನ ಲೆಕ್ಕಕ್ಕೆ ಹಿಡಿದ್ರೆ ನಮ್ಮ ಮಾವ ಗೋರಿಯಿಂದ ಎದ್ದು ಬರ್ತಾರೆ ಅಜ್ಜಿ" ಎಂದಳು ಬೆದ್ರಿಯೆ.

ಗಾಡಿಯೆಲ್ಲ ನಕ್ಕಿತು. ವಾಹಿತನೂ ನಕ್ಕ. ಈ ನಲವತ್ತು ದಿನಗಳಲ್ಲಿ ಅವನಿಗೆ ಹೆಚ್ಚು ನೆನಪಾದದ್ದು ತನ್ನ ಆ ನಗು. ಅವಳು ನಗುತ್ತಲೇ ತಲೆವಸ್ತ್ರದ ಅಂಚನ್ನು ಎದೆಯ ಮೇಲೆ ಒತ್ತಿ ಹಿಡಿದುಕೊಂಡಿದ್ದಳು. ಗಾಳಿ ಎಂದುಕೊಂಡು ಅವನು ಕಿಟಕಿ ಏರಿಸಿದ.

ಹದಿನಾಲ್ಕನೆಯವನು ನೆವ್ಜಾತ್. ಅಕ್ರೋಟಿನ ಮೂಟೆಯ ಬಾಯಿ ಹೊಲಿಯಲು ದಾರ ಸಿಗದೆ ತಡವಾಯಿತಂತೆ. ಗಾಡಿ ಹೊರಟಾಗ ಎಂಟು ಮೂವತ್ತೈದು. ಇಳಿಜಾರಿನಲ್ಲಿ ವಾಹಿತ್ ಎಂದಿಗಿಂತ ಜೋರಾಗಿ ಓಡಿಸಲು ನೋಡಿದ, ಮಂಜಿನಲ್ಲಿ ಆಗಲಿಲ್ಲ. ಆಸ್ಪತ್ರೆಯ ಮುಂದೆ ಅವಳನ್ನು ಇಳಿಸಿದಾಗ ಹತ್ತಕ್ಕೆ ಐದು ನಿಮಿಷ. ಅವಳು ಓಡಲಿಲ್ಲ. ಓಡಲು ಆಗುತ್ತಿರಲಿಲ್ಲ.

ಮಧ್ಯಾಹ್ನ ಅವಳೇ ನಡೆದು ಗಾಡಿಗಳ ನಿಲ್ದಾಣಕ್ಕೆ ಬಂದಳು. ಅವಳ ಸರದಿ ದಾಟಿತ್ತು. ಜನವರಿ ಹದಿನಾರು ಎಂದಳು, ಯಾರದೋ ಮದುವೆಯ ದಿನ ಹೇಳಿದ ಹಾಗೆ. ಮೊದಲೇ ಅವಸರ ಮಾಡಬಾರದಿತ್ತೇ, ಒಂದು ಮಾತು ಹೇಳಬಾರದಿತ್ತೇ ಎಂದು ವಾಹಿತ್ ರೇಗಿದ. ಅವಳು ಚೀಲವನ್ನು ಮಣೆಯ ಕೆಳಗೆ ಇಟ್ಟಳು.

"ಹೇಳಿದ್ರೆ ಹೊರಡ್ತಿದ್ದೆಯಾ?"

ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿಯಬೇಕು ಎನ್ನುವಂತೆ ಕೇಳಿದ್ದಳು. ಅವನು ಬಟ್ಟೆ ಹಿಡಿದು ಮುಂದಿನ ಗಾಜು ಒರೆಸತೊಡಗಿದ. ಅಂದು ಸಂಜೆ ಅವನು ಗಾಡಿ ತೊಳೆಯುತ್ತಿದ್ದಾಗ ಒಳಗೆ ಅವಳು ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಏನು ಮಾತಾಡಿದಳೋ ಅವನಿಗೆ ಕೇಳಿಸಲಿಲ್ಲ.

ಡಿಸೆಂಬರ್ ಎಂಟರ ಬೆಳಿಗ್ಗೆ ಬೆದ್ರಿಯೆ ಜಗಲಿಯ ಮೇಲೆ ಬಟ್ಟೆ ಹರವುತ್ತ ಕುಸಿದಳು. ಕಂಡವಳು, ಅವನಿಗೆ ಹೇಳಿಕಳಿಸಿದವಳು ಮೆಲೀಹಾ ಅಜ್ಜಿ. ವಾಹಿತ್ ಆಗ ಚಿನಾರ್ ಮರದ ಕೆಳಗೆ ಒಂಬತ್ತು ಜನರನ್ನು ಕೂರಿಸಿಕೊಂಡು ಕಾಯುತ್ತಿದ್ದ. ಮಸೀದಿಯಿಂದ ಸಾವಿನ ಕರೆ ಎದ್ದಿತು. ಈ ಊರಿನಲ್ಲಿ ಆ ಕರೆ ಕೇಳಿದರೆ ಎಲ್ಲರೂ ಕೈಯಲ್ಲಿದ್ದುದನ್ನು ಬಿಟ್ಟು ಕೊನೆಯಲ್ಲಿ ಬರುವ ಹೆಸರಿಗಾಗಿ ಕಾಯುತ್ತಾರೆ. ಅವನು ಅಷ್ಟರಲ್ಲಿ ಮನೆ ತಲುಪಿದ್ದ, ಆದರೂ ಹೆಸರು ಬಂದಾಗ ಅಂಗಳದಲ್ಲಿ ನಿಂತು ಕೇಳಿದ. ಮಣ್ಣು ಮಾಡುವಾಗ ಇಮಾಮರು ಅವಳ ಆಯುಸ್ಸು ತುಂಬಿತ್ತು ಎಂದರು. ಎಲ್ಲ ಸಾವಿಗೂ ಹೇಳುವ ಮಾತೇ. ಐವತ್ತನಾಲ್ಕಕ್ಕೆ ತುಂಬುವುದೇ ಎಂದು ವಾಹಿತ್ ಕೇಳಲಿಲ್ಲ. ತುಂಬುವುದು ಎಂದರೇನು ಎಂದು ತಾನೇ ಊರಿಗೆಲ್ಲ ಹೇಳುತ್ತ ಬಂದವನು.

ಪರೀಕ್ಷೆಯಾಗಿದ್ದರೆ ಉಳಿಯುತ್ತಿದ್ದಳೇ? ಯಾರಿಗೂ ಗೊತ್ತಿಲ್ಲ. ಯಾರೂ ಅವನನ್ನು ಒಂದು ಮಾತು ಅನ್ನಲಿಲ್ಲ. ಅವಳ ಫೋನನ್ನು ಅವನು ಅಡುಗೆಮನೆಯ ಕಪಾಟಿನಲ್ಲಿಟ್ಟು ಚಾರ್ಜು ಮಾಡುತ್ತಲೇ ಇದ್ದ. ಎರಡು ದಿನದ ಹಿಂದೆ ಅದಕ್ಕೊಂದು ಸಂದೇಶ ಬಂತು: ನಾಳೆ ಒಂಬತ್ತೂವರೆಗೆ ನಿಮ್ಮ ಪರೀಕ್ಷೆ, ದಯವಿಟ್ಟು ಹದಿನೈದು ನಿಮಿಷ ಮೊದಲೇ ಬನ್ನಿ. ಅವನು ನಿಂತುಕೊಂಡೇ ಅದನ್ನು ಓದಿದ.

ಅವಳು ಸತ್ತ ಮೇಲೆ ಮೂರು ದಿನ ಗಾಡಿ ನಿಂತಿತ್ತು. ನಾಲ್ಕನೆಯ ದಿನ ಅವನು ಏಳೂವರೆಗೆ ಸರಿಯಾಗಿ ಹೊರಟ, ಆರು ಜನರೊಡನೆ. ಅಂದಿನಿಂದ ದಿನವೂ ಏಳೂವರೆ. ಐವರಾದರೆ ಐವರು, ಇಬ್ಬರಾದರೆ ಇಬ್ಬರು. ಹುಲ್ಕಿ ಅಂಗಡಿಯ ಬಾಗಿಲಲ್ಲಿ ನಿಂತು ಗೋಡೆಯ ಗಡಿಯಾರ ನೋಡುತ್ತಾನೆ. ತಡವಾಗಿ ಬಂದವರು ಖಾಲಿ ರಸ್ತೆಯನ್ನು ನೋಡಿ ಮರಳುತ್ತಾರೆ, ಬೈಯುವುದಿಲ್ಲ. ಜನ ಅದನ್ನು ಈಗಲೂ ದೊಲ್ಮುಷ್ ಎಂದೇ ಅನ್ನುತ್ತಾರೆ.

ನಲವತ್ತನೆಯ ದಿನ ಪೇಟೆಗೆ ಕೆಲಸವಿದ್ದವರು ನಾಲ್ವರೇ. ಮೇಲಿನ ತಿರುವುಗಳಲ್ಲಿ ಹಿಮ ರಸ್ತೆಯ ಬದಿಗೆ ಸರಿದು ಕಪ್ಪಾಗಿತ್ತು. ದಾರಿಯುದ್ದಕ್ಕೂ ವಾಹಿತ್ ಮಾತು ಜೋಡಿಸುತ್ತಿದ್ದ. ಮಗಳೇ, ಅವತ್ತು ಗಾಡಿ ಏಳೂವರೆಗೆ ಹೊರಡಲಿಲ್ಲ. ಇಷ್ಟು ಹೇಳಿದರೆ ಸಾಕು, ಉಳಿದದ್ದು ಅವಳೇ ಕೇಳುತ್ತಾಳೆ. ಅಥವಾ ಮೊದಲು ಮಂಜಿನ ಮಾತು ಹೇಳಬೇಕೇ? ಮಂಜಿನ ಮಾತು ಮೊದಲು ಬಂದರೆ ಅದೂ ಒಂದು ಸುಳ್ಳು. ಪೇಟೆ ಬಂದಾಗ ಅವನ ಬಳಿ ಒಂದೇ ವಾಕ್ಯ ಉಳಿದಿತ್ತು.

ನೂರಾನ್ ಕಪ್ಪು ಕೋಟು ಹಾಕಿದ್ದಳು, ಮುಖ ಇಳಿದಿತ್ತು. ಅವನ ಕೈಯನ್ನು ತುಟಿಗೂ ಹಣೆಗೂ ಮುಟ್ಟಿಸಿ ಬಿಟ್ಟಳು. ಊರಿಗೆ ಮರಳುವವರು ಇನ್ನೂ ಅಂಗಡಿಗಳಲ್ಲಿದ್ದರು. ವಾಹಿತ್ ಅವಳನ್ನು ನಿಲ್ದಾಣದ ಹಿಂದಿನ ಚಹಾ ಅಂಗಡಿಗೆ ಕರೆದೊಯ್ದ. ಎರಡು ಲೋಟ ಬಂದವು. ಅವಳು ಸಕ್ಕರೆ ಹಾಕಿ ಕಲಕುತ್ತಲೇ ಇದ್ದಳು, ಕರಗಿದ ಮೇಲೂ.

"ಮಗಳೇ, ಅವತ್ತು..."

"ನೀನು ಹೇಳೋದೇನೂ ಬೇಡಪ್ಪ. ನನಗೆ ಗೊತ್ತು."

ಮೆಲೀಹಾ ಅಜ್ಜಿ ಹೇಳಿರಬೇಕು ಎಂದುಕೊಂಡ. ಗೊತ್ತಿದ್ದೂ ಬಂದಿದ್ದಾಳಲ್ಲ ಎಂದು ಸಮಾಧಾನದಿಂದ ಲೋಟ ಎತ್ತಿಕೊಂಡ.

ಆದರೆ ಅವಳು ಹೇಳಿದ್ದು ಬೇರೆ. ಆ ಮಂಗಳವಾರ ಸಂಜೆ ಅಮ್ಮ ಫೋನಿನಲ್ಲಿ ತಾನೇ ತಡವಾಗಿ ಎದ್ದೆ ಎಂದಿದ್ದಳಂತೆ. ಬೆಳಗಿನ ಜಾವ ನಿದ್ದೆ ಹತ್ತಿಬಿಟ್ಟಿತು ಕಣೇ, ಎದ್ದು ತಯಾರಾಗುವ ಹೊತ್ತಿಗೆ ಮೀರಿಹೋಗಿತ್ತು, ಅಪ್ಪನನ್ನು ಏನೂ ಕೇಳಬೇಡ, ಬೇಜಾರು ಮಾಡಿಕೊಂಡಿದ್ದಾನೆ ಎಂದು. ಅಪ್ಪ ನೋಡಿದರೆ ಗಾಡಿ ಏಳೂವರೆಗೆ ಹೊರಟಿತು ಎಂದಿದ್ದ. ನೂರಾನ್ ಎರಡನ್ನೂ ಜೋಡಿಸಿಕೊಂಡು ನಲವತ್ತು ದಿನ ಕಳೆದಿದ್ದಳು.

"ನೀನು ಅಮ್ಮನ್ನ ಬಿಟ್ಟು ಹೋದೆ" ಎಂದಳು. ದನಿ ಏರಲಿಲ್ಲ. "ಕಂಡೋರಿಗೆಲ್ಲ ಮುಕ್ಕಾಲು ಗಂಟೆ ಕಾಯ್ತೀಯ. ಮೂಟೆ ಕಟ್ಟೋರಿಗೆ ಕಾಯ್ತೀಯ, ಚಪ್ಪಲಿ ಹುಡುಕೋರಿಗೆ ಕಾಯ್ತೀಯ. ಅಮ್ಮನಿಗೆ ಒಂದು ಹತ್ತು ನಿಮಿಷ ಕಾಯಕ್ಕಾಗ್ಲಿಲ್ವ ನಿನಗೆ?"

ವಾಹಿತ್ ಲೋಟವನ್ನು ಕೆಳಗಿಟ್ಟ. ಬೆದ್ರಿಯೆ ಅವನಿಗಾಗಿ ಒಂದು ಸುಳ್ಳು ಹೇಳಿ ಹೋಗಿದ್ದಳು, ಅವನು ತನಗಾಗಿ ಒಂದು ಹೇಳಿದ್ದ, ಎರಡೂ ಸೇರಿ ಅವನು ಮಾಡದೇ ಇದ್ದ ತಪ್ಪೊಂದು ಹುಟ್ಟಿ ಮಗಳ ಮನಸ್ಸಿನಲ್ಲಿ ಬೆಳೆದಿತ್ತು. ಒಂದು ಗಳಿಗೆ ಅದನ್ನೇ ಒಪ್ಪಿಕೊಳ್ಳಬಹುದು ಅನಿಸಿತು. ಅವಸರದಲ್ಲಿ ಹೆಂಡತಿಯನ್ನು ಬಿಟ್ಟುಹೋದ ಗಂಡ. ಅಂಥವರು ಲೋಕದಲ್ಲಿ ಇದ್ದಾರೆ, ಅಂಥವರನ್ನು ಬೈಯಬಹುದು, ಬೈದು ಬೈದು ಒಂದು ದಿನ ಕ್ಷಮಿಸಲೂಬಹುದು. ಬೆದ್ರಿಯೆಯ ಮಾತೂ ಉಳಿಯುತ್ತದೆ.

ಆದರೆ ಅವಳು ತಡವಾಗಿ ಏಳುವವಳಲ್ಲ. ಸತ್ತವಳ ಮೇಲೆ ಆ ನಿದ್ದೆಯನ್ನು ಹೊರಿಸಿ ಮನೆಗೆ ಹೋಗಿ ಪಠಣಕ್ಕೆ ಕೂರಲು ಅವನಿಂದ ಆಗಲಿಲ್ಲ.

"ಅಮ್ಮ ಗಾಡಿಯಲ್ಲೇ ಇದ್ದಳು" ಎಂದ.

ನೂರಾನ್ ಚಮಚ ನಿಲ್ಲಿಸಿದಳು.

"ಏಳಕ್ಕೆ ಮೊದಲೇ ಬಂದು ಕೂತಿದ್ದಳು. ನಾನು ಹೊರಟಿದ್ದು ಎಂಟು ಮೂವತ್ತೈದಕ್ಕೆ. ನಿನಗೆ ಸುಳ್ಳು ಹೇಳಿದೆ."

ಆಚೆ ನಿಲ್ದಾಣದಲ್ಲಿ ಬೇರೆ ಊರಿನ ಗಾಡಿಯವನು ಜನ ಕರೆಯುತ್ತಿದ್ದ, ಇನ್ನಿಬ್ಬರು, ಇನ್ನಿಬ್ಬರು ಎಂದು. ಅವಳ ಮುಖದಲ್ಲಿ ಕೋಪ ಕಾಣಿಸಲಿಲ್ಲ. ಹೊಲಿಗೆ ಬಿಚ್ಚಿದ ಬಟ್ಟೆಯನ್ನು ತಿರುವಿ ಎಲ್ಲಿಂದ ಬಿಟ್ಟಿದೆ ಎಂದು ಹುಡುಕುವ ಹಾಗಿತ್ತು ಅವಳ ನೋಟ. ಅಷ್ಟು ಹೊತ್ತು ಅಮ್ಮ ಏನು ಮಾಡುತ್ತಿದ್ದಳು ಎಂದು ಕೇಳಿದಳು. ನಗುತ್ತಿದ್ದಳು, ಎಲ್ಲರ ಜೊತೆ, ಎಂದ. ಹೊರಡು ಅನ್ನಲಿಲ್ಲವೇ ಎಂದಳು. ಇಲ್ಲ ಎಂದ. ನೀನು ಕೇಳಲಿಲ್ಲವೇ ಎಂದಳು. ಕನ್ನಡಿಯಲ್ಲಿ ನೋಡಿದೆ ಎಂದ.

"ಎಷ್ಟು ಜನ ಇದ್ರು ಆಗ?"

"ಎಂಟಕ್ಕೆ ಹದಿಮೂರು."

"ಅಮ್ಮನ್ನ ಸೇರಿಸಿ?"

ವಾಹಿತ್ ಎದ್ದ. ಊರಿನವರು ಸಂಚಿಗಳನ್ನು ಹೊತ್ತು ಗಾಡಿಯ ಬಳಿ ಬಂದು ನಿಂತಿದ್ದರು, ಸೆಯ್ಫಿ ಇತ್ತ ಕೈಬೀಸುತ್ತಿದ್ದ. ಅವನು ಚಹಾದ ದುಡ್ಡನ್ನು ಲೋಟದ ಪಕ್ಕದಲ್ಲಿಟ್ಟು, ಟೋಪಿಯನ್ನು ಕೈಗೆ ತೆಗೆದುಕೊಂಡ. ಉತ್ತರ ಕೊಡದೆ ಹೋಗುವುದಿಲ್ಲ ಎಂದು ಅವನು ದಾರಿಯಲ್ಲೇ ಗಟ್ಟಿಮಾಡಿಕೊಂಡಿದ್ದ. ಮಗಳ ಮುಖ ನೋಡಿದ. ಅದು ಹುಟ್ಟಿದಂದಿನಿಂದ ಅವನು ಕಂಡ ಮುಖ. ಈಗ ಅದು ಅವನ ಬಾಯನ್ನೇ ನೋಡುತ್ತಿತ್ತು.

"ಇಲ್ಲ ಮಗಳೇ" ಎಂದ. "ಗಾಡಿಯವನ ಮನೆಯವರನ್ನ ನಾವು..." ಎನ್ನುತ್ತಲೇ ತಿರುಗಿ, ಒದ್ದೆ ನೆಲದ ಮೇಲೆ ತಲೆತಗ್ಗಿಸಿಕೊಂಡು, ಕಾಯುತ್ತಿದ್ದವರ ಕಡೆಗೆ ನಡೆದ, "ನಮ್ಮಪ್ಪನ ಕಾಲದಿಂದಲೂ ನಾವು ಯಾವತ್ತೂ ಲೆಕ್ಕಕ್ಕೆ ಹಿಡಿದಿಲ್ಲ."